ಬಾಡಿಗೆ ಮನೆಯೂ ವಿದ್ಯುಚ್ಛಕ್ತಿಯೂ

ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಮತ್ತೊಮ್ಮೆ ಒತ್ತಿದರೆ ಆರುತ್ತದೆ. ವಿದ್ಯುಚ್ಛಕ್ತಿಯ ವಿಷಯದಲ್ಲಿ ನಮ್ಮಲ್ಲಿ ಬಹುಮಂದಿಯ ಜ್ಞಾನ ಇಲ್ಲಿ ಪ್ರಾರಂಭವಾಗಿ ಇಲ್ಲಿಯೇ ಮುಗಿಯುತ್ತದೆ. ತಂದೆತಾಯಿಗಳ ಮನೆಯಲ್ಲಿ ಇರುವಷ್ಟು ಕಾಲ ಇಷ್ಟು ಜ್ಞಾನ ಸಾಕು. ಫ್ಯೂಸು ಹೋದರೆ ಅಪ್ಪ ನೋಡುತ್ತಾರೆ. ಅವರಿಂದಾಗದಿದ್ದರೆ ಅಣ್ಣ ಹೋಗಿ ಎಲೆಕ್ಟ್ರಿಷಿಯನ್ನನ್ನು ಕರೆತರುತ್ತಾನೆ. ಆದರೆ ಓದಿಗೆಂದು ಊರು ಬಿಟ್ಟು ಬಂದು, ಹಾಸ್ಟೆಲಿನಲ್ಲಿ ಸ್ಥಳ ದೊರೆಯದೆ, ಮೊಟ್ಟಮೊದಲ ಬಾರಿಗೆ ಕೋಣೆಯೊಂದನ್ನು ಬಾಡಿಗೆಗೆ ಹಿಡಿದವನಿಗೆ ಅಪ್ಪನೂ ಇಲ್ಲ, ಅಣ್ಣನೂ ಇಲ್ಲ. ಕತ್ತಲೆಯಾದಾಗ ಏನು ಮಾಡಬೇಕೆಂಬುದನ್ನು ಅವನೇ ತಿಳಿದುಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ಏನು ಮಾಡಬಾರದು ಎಂಬುದನ್ನು ತಿಳಿದುಕೊಳ್ಳಬೇಕು.

ನಮ್ಮ ಕಾಲೇಜಿನಲ್ಲಿ ಹೀಗೆ ಕೋಣೆ ಹಿಡಿದು ಓದುವವರು ಕಡಮೆ ಇಲ್ಲ. ನಾವು ಕಲಾ ವಿದ್ಯಾರ್ಥಿಗಳು. ವಿದ್ಯುತ್ತು ವಿಜ್ಞಾನದವರ ವಿಷಯವೆಂದು ಪಕ್ಕಕ್ಕೆ ಸರಿಸುವುದು ನಮ್ಮ ರೂಢಿ. ವಿದ್ಯುತ್ತು ಮಾತ್ರ ಕಲಾ ವಿದ್ಯಾರ್ಥಿ, ವಿಜ್ಞಾನದ ವಿದ್ಯಾರ್ಥಿ ಎಂಬ ಭೇದವನ್ನು ಎಣಿಸುವುದಿಲ್ಲ. ಇದನ್ನು ನಾವು ಮೂವರು ಮಿತ್ರರು ಕಳೆದ ಮಳೆಗಾಲದಲ್ಲಿ ಬೆಲೆ ತೆತ್ತು ಕಲಿತೆವು. ಆ ಬೆಲೆ ಇನ್ನೂ ಹೆಚ್ಚಾಗದೆ ಹೋದುದು ನಮ್ಮ ಜಾಣತನದಿಂದಲ್ಲ. ಇತರರು ಅದನ್ನು ತೆರದಿರಲಿ ಎಂಬುದೇ ಈ ಲೇಖನದ ಉದ್ದೇಶ.

ನಡೆದ ಸಂಗತಿ

ನಾವಿದ್ದುದು ಹಳೆಯ ಹೆಂಚಿನ ಮನೆಯೊಂದರ ಹಿಂಭಾಗದಲ್ಲಿ. ಮುಂಭಾಗದಲ್ಲಿ ಮನೆಯ ಯಜಮಾನರೂ ಅವರ ಹೆಂಡತಿಯೂ ಇದ್ದರು. ನಮಗೆ ಒಂದು ಕೋಣೆ, ಒಂದು ಬಚ್ಚಲು. ಬಾಗಿಲ ಮೇಲೆ ಒಂದು ಮರದ ಬೋರ್ಡು. ಅದರಲ್ಲಿ ಪಿಂಗಾಣಿಯ ಹಳೆಯ ಫ್ಯೂಸು ಒಂದು. ನನ್ನ ಮಿತ್ರರಲ್ಲಿ ಒಬ್ಬ ಅರ್ಥಶಾಸ್ತ್ರದವನು, ಇನ್ನೊಬ್ಬ ಇತಿಹಾಸದವನು. ನಾನು ತರ್ಕಶಾಸ್ತ್ರ ತೆಗೆದುಕೊಂಡವನು. ನೀರು ಕಾಯಿಸಲು ಇತಿಹಾಸದ ಮಿತ್ರ ತನ್ನ ಮನೆಯಿಂದ ಒಂದು ರಾಡು ತಂದಿದ್ದ. ಅದು ೧೫೦೦ ವ್ಯಾಟಿನದು. ಅದರ ಮೂಲದ ದಪ್ಪ ಪ್ಲಗ್ಗನ್ನು ಯಾರೋ ಎಂದೋ ಕಿತ್ತು, ಎರಡು ಕಡ್ಡಿಯ ಸಣ್ಣ ಪ್ಲಗ್ಗು ಹಾಕಿದ್ದರು. ಅದು ಯಾವ ಸಾಕೆಟ್ಟಿಗಾದರೂ ಹಿಡಿಸುತ್ತಿದ್ದುದರಿಂದ ನಮಗೆ ಬಹು ಅನುಕೂಲವಾಗಿಯೇ ಕಂಡಿತ್ತು.

ಆಗಸ್ಟ್ ೧೫ರ ಬೆಳಗ್ಗೆ ಕಾಲೇಜಿನ ಧ್ವಜವಂದನೆಗೆ ಬಿಳಿಯ ಅಂಗಿ ತೊಟ್ಟು ಹೋಗಬೇಕಾಗಿತ್ತು. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಒಂದು ಕಡೆ ರಾಡು, ಇನ್ನೊಂದು ಕಡೆ ಇಸ್ತ್ರಿ ಪೆಟ್ಟಿಗೆ. ಒಂದೆರಡು ನಿಮಿಷಗಳಲ್ಲಿ ಟಪ್ ಎಂದಿತು; ಕೋಣೆ ಕತ್ತಲಾಯಿತು. ಫ್ಯೂಸಿನ ತಂತಿ ಕರಗಿತ್ತು. ಅರ್ಥಶಾಸ್ತ್ರದ ಮಿತ್ರ ಉಪಾಯಗಾರ. “ಈ ತೆಳು ತಂತಿಯಿಂದಲೇ ತೊಂದರೆ ಕಣೋ, ದಪ್ಪ ತಂತಿ ಹಾಕಿದರೆ ಮತ್ತೆ ಹೋಗುವುದಿಲ್ಲ” ಎಂದು, ಹಳೆಯ ವೈರಿನ ತುಂಡೊಂದನ್ನು ಸುಲಿದು, ಅದರ ತಾಮ್ರದ ಎಳೆಗಳನ್ನೆಲ್ಲಾ ಹೊಸೆದು ಫ್ಯೂಸಿಗೆ ಕಟ್ಟಿದ. ದೀಪ ಹತ್ತಿತು. ನಾವು ಅವನನ್ನು ಹೊಗಳಿದೆವು. ಅವನು ಹೇಳಿದ್ದು ನಿಜವೂ ಆಯಿತು: ಫ್ಯೂಸು ಮತ್ತೆ ಹೋಗಲಿಲ್ಲ.

ಎರಡು ದಿನಗಳಲ್ಲಿ ಸಾಕೆಟ್ಟಿನಿಂದ ಸುಟ್ಟ ವಾಸನೆ ಬರತೊಡಗಿತು. ಯಜಮಾನರಿಗೆ ಹೇಳಿದೆವು. “ಆರು ವರ್ಷದಿಂದ ಬಾಡಿಗೆಗೆ ಕೊಡ್ತಿದೀನಿ, ಒಬ್ಬರೂ ಇಂಥಾ ಮಾತು ಹೇಳ್ಲಿಲ್ಲವಲ್ಲಪ್ಪ” ಎಂದರು. ನಾವೂ ಸುಮ್ಮನಾದೆವು. ಒಂದು ವಾರ ಕಳೆಯಿತು. ಒಂದು ಬೆಳಗ್ಗೆ ಇತಿಹಾಸದ ಮಿತ್ರ ನೀರು ಕಾದಿದೆಯೇ ಎಂದು ನೋಡಲು, ರಾಡು ಉರಿಯುತ್ತಿದ್ದಂತೆಯೇ, ಸ್ಟೀಲ್ ಬಕೆಟ್ಟಿನೊಳಕ್ಕೆ ಬೆರಳಿಟ್ಟ. ಚೀರಿದ ಸದ್ದು ಕೇಳಿ ನಾವು ಓಡಿದೆವು. ಅವನು ಹಿಂದಕ್ಕೆ ಬಿದ್ದು ಗೋಡೆಗೆ ಒರಗಿ ಕುಳಿತಿದ್ದ, ಮುಖ ಬಿಳಿಚಿಕೊಂಡಿತ್ತು, ಬಲಗೈ ನಡುಗುತ್ತಿತ್ತು. ಬಕೆಟ್ಟು ಉರುಳಿ ನೆಲವೆಲ್ಲ ನೀರು. ಅರ್ಥಶಾಸ್ತ್ರದ ಮಿತ್ರ ರಾಡನ್ನು ಎತ್ತಲು ಮುಂದೆ ನುಗ್ಗಿದ. ನಾನು ಅವನ ಅಂಗಿ ಹಿಡಿದು ಎಳೆದು, ಹೊರಗೆ ಓಡಿ, ಮೀಟರಿನ ಪಕ್ಕದ ಮೈನ್ ಸ್ವಿಚ್ಚನ್ನು ಕೆಳಗೆಳೆದೆ. ಅಷ್ಟು ದಿನಗಳಲ್ಲಿ ನಾವು ಮಾಡಿದ ಸರಿಯಾದ ಕೆಲಸ ಅದೊಂದೇ.

ಮಿತ್ರನ ಕಾಲಲ್ಲಿ ಒಣಗಿದ ರಬ್ಬರ್ ಚಪ್ಪಲಿ ಇತ್ತು. ಅದೇ ಅವನನ್ನು ಉಳಿಸಿತೆಂದು ಆಮೇಲೆ ತಿಳಿಯಿತು. ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಶಾಕ್ ಹೊಡೆದವರು ಹೊರಗೆ ಚೆನ್ನಾಗಿಯೇ ಕಂಡರೂ ಹೃದಯದ ಬಡಿತ ಏರುಪೇರಾಗಿರಬಹುದು. ಆದಕಾರಣ ತೋರಿಸಲೇಬೇಕು ಎಂದರು ವೈದ್ಯರು. ಪರೀಕ್ಷೆ ಮಾಡಿ ಏನೂ ಇಲ್ಲವೆಂದರು. ಸಂಜೆ, ನಮ್ಮ ಬೀದಿಯಲ್ಲಿಯೇ ಇದ್ದ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದೆವು. ಆ ಸಂಜೆ ಅವರಿಂದ ಕಲಿತುದನ್ನೂ, ಆಮೇಲೆ ಓದಿ ತಿಳಿದುದನ್ನೂ ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ವಿದ್ಯುತ್ತು ಮನೆಗೆ ಬರುವ ದಾರಿ

ನಮ್ಮ ನಾಡಿಗೆ ವಿದ್ಯುತ್ತು ಹೊಸದೇನೂ ಅಲ್ಲ. ಕಾವೇರಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ೧೯೦೨ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ನೂರಿಪ್ಪತ್ತು ವರ್ಷಗಳಿಂದ ಜೊತೆಯಲ್ಲಿರುವ ಇದರ ಸ್ವಭಾವವನ್ನು ನಾವು ಇನ್ನೂ ತಿಳಿದುಕೊಂಡಿಲ್ಲವೆಂಬುದು ನಾಚಿಕೆಯ ಸಂಗತಿ.

ಕಂಬದಿಂದ ಮನೆಗೆ ಬರುವ ತಂತಿಗಳು ಮುಖ್ಯವಾಗಿ ಎರಡು. ಒಂದನ್ನು ಕೆಲಸದವರು ಫೇಸ್ ಎನ್ನುತ್ತಾರೆ, ಪಠ್ಯಪುಸ್ತಕಗಳು ಸಜೀವ ತಂತಿ ಎನ್ನುತ್ತವೆ. ಇನ್ನೊಂದು ನ್ಯೂಟ್ರಲ್, ಅಂದರೆ ತಟಸ್ಥ ತಂತಿ. ಇವೆರಡರ ನಡುವೆ ನಮ್ಮ ದೇಶದ ಮನೆಗಳಲ್ಲಿ ೨೩೦ ವೋಲ್ಟಿನ ಒತ್ತಡವಿರುತ್ತದೆ. ಪ್ರವಾಹ ಫೇಸಿನಿಂದ ಬಂದು, ದೀಪದಲ್ಲಿಯೋ ಫ್ಯಾನಿನಲ್ಲಿಯೋ ಕೆಲಸ ಮಾಡಿ, ನ್ಯೂಟ್ರಲಿನಲ್ಲಿ ಹಿಂದಿರುಗುತ್ತದೆ. ಹಳ್ಳದ ನೀರು ಗದ್ದೆಗೆ ಬಂದು ಮತ್ತೆ ಹಳ್ಳಕ್ಕೆ ಇಳಿದಂತೆ ಎಂದು ಸ್ಥೂಲವಾಗಿ ಭಾವಿಸಬಹುದು.

ಮೂರನೆಯ ತಂತಿಯೊಂದುಂಟು. ಅದು ಅರ್ಥ್, ಸಾಮಾನ್ಯವಾಗಿ ಹಸಿರು ಬಣ್ಣದ್ದು. ಅದು ಕಂಬದಿಂದ ಬರುವುದಲ್ಲ. ಮನೆಯ ಹಿತ್ತಲಿನ ನೆಲದಲ್ಲಿ ಹೂತ ಕೊಳವೆಯಿಂದಲೋ ತಗಡಿನಿಂದಲೋ ಬರುತ್ತದೆ. ಎಲ್ಲವೂ ಸರಿಯಾಗಿರುವಾಗ ಅದರಲ್ಲಿ ಪ್ರವಾಹ ಹರಿಯುವುದಿಲ್ಲ. ಉಪಕರಣ ಕೆಟ್ಟು ಅದರ ಲೋಹದ ಮೈಗೆ ಫೇಸ್ ತಗುಲಿದಾಗ, ಆ ಪ್ರವಾಹ ಮನುಷ್ಯನ ಮೈಯನ್ನು ಹುಡುಕಿಕೊಂಡು ಹೋಗದೆ ನೆಲಕ್ಕೆ ಇಳಿಯಲಿ ಎಂದು ಮಾಡಿದ ಸುಲಭದ ದಾರಿ ಅದು. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿನ ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದನ್ನು ಎಲ್ಲರೂ ನೋಡಿದ್ದೇವೆ. ಏಕೆಂದು ಕೇಳಿದವರು ಕಡಮೆ. ಪ್ಲಗ್ಗು ಹಾಕುವಾಗ ಅರ್ಥ್ ಎಲ್ಲಕ್ಕೂ ಮೊದಲು ಸೇರಬೇಕು, ತೆಗೆಯುವಾಗ ಎಲ್ಲಕ್ಕೂ ಕೊನೆಗೆ ಬಿಡಬೇಕು ಎಂಬುದೇ ಅದರ ಕಾರಣ. ಎರಡು ಕಡ್ಡಿಯ ಪ್ಲಗ್ಗು ಹಾಕಿದ ದಿನವೇ ನಮ್ಮ ರಾಡಿಗೆ ಈ ರಕ್ಷಣೆ ತಪ್ಪಿಹೋಗಿತ್ತು.

ಫ್ಯೂಸು ಯಾರನ್ನು ಕಾಯುತ್ತದೆ?

ಉಪಕರಣದ ಮೇಲೆ ಬರೆದ ವ್ಯಾಟಿನ ಸಂಖ್ಯೆಯನ್ನು ೨೩೦ರಿಂದ ಭಾಗಿಸಿದರೆ ಅದು ಎಳೆಯುವ ಪ್ರವಾಹ ಎಷ್ಟು ಆಂಪಿಯರ್ ಎಂಬುದು ಹೆಚ್ಚುಕಡಮೆ ಸಿಕ್ಕುತ್ತದೆ. ೯ ವ್ಯಾಟಿನ ಎಲ್‌ಇಡಿ ದೀಪ ಎಳೆಯುವುದು ಒಂದು ಆಂಪಿಯರಿನ ಇಪ್ಪತ್ತೈದನೆಯ ಒಂದು ಭಾಗ ಮಾತ್ರ. ೭೫ ವ್ಯಾಟಿನ ಫ್ಯಾನು ಮೂರನೆಯ ಒಂದು ಭಾಗ. ೧೦೦೦ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಸುಮಾರು ೪.೩ ಆಂಪಿಯರ್, ೧೫೦೦ ವ್ಯಾಟಿನ ರಾಡು ಸುಮಾರು ೬.೫, ೨೦೦೦ ವ್ಯಾಟಿನ ಗೀಸರು ೮.೭. ಬೆಳಕಿಗಾಗಿ ಬಳಸುವ ವಿದ್ಯುತ್ತು ಅತ್ಯಲ್ಪ, ಶಾಖಕ್ಕಾಗಿ ಬಳಸುವುದೇ ವಿಶೇಷ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗೋಡೆಯ ಸಣ್ಣ ಸಾಕೆಟ್ಟಿನ ಶಕ್ತಿ ೬ ಆಂಪಿಯರ್; ದೊಡ್ಡದರದು ೧೬. ರಾಡು, ಇಸ್ತ್ರಿ ಪೆಟ್ಟಿಗೆ ಎರಡನ್ನೂ ಸೇರಿಸಿ ನಾವು ಆ ಸಣ್ಣ ಸಾಕೆಟ್ಟಿನಿಂದ ಎಳೆದುದು ಹತ್ತಿರ ಹತ್ತಿರ ೧೧ ಆಂಪಿಯರ್!

ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ, ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಸಡಿಲವಾದ ಜೋಡಣೆಯಿದ್ದಲ್ಲಿ ಶಾಖ ಇನ್ನೂ ಹೆಚ್ಚು. ಈ ಶಾಖ ಗೋಡೆಯೊಳಗಿನ ತಂತಿಯ ಹೊದಿಕೆಯನ್ನು ಸುಡುವ ಮೊದಲೇ, ಕಣ್ಣಿಗೆ ಕಾಣುವ ಒಂದು ಸ್ಥಳದಲ್ಲಿ ಬೇಕೆಂದೇ ತೆಳುವಾದ ತಂತಿಯೊಂದನ್ನಿಟ್ಟು ಅದು ಕರಗಿಹೋಗುವಂತೆ ಮಾಡಿರುತ್ತಾರೆ. ಅದೇ ಫ್ಯೂಸು. ಐದು ಆಂಪಿಯರಿನ ಹಳೆಯ ಮಾದರಿಯ ಫ್ಯೂಸು ಐದಕ್ಕೇ ಕರಗುವುದಿಲ್ಲ. ಅದರ ಸುಮಾರು ಎರಡರಷ್ಟಾದಾಗ ಕರಗುತ್ತದೆ. ಬರಿಯ ರಾಡನ್ನು ಅದು ಹೇಗೋ ಸಹಿಸಿಕೊಂಡಿತ್ತು. ಇಸ್ತ್ರಿ ಪೆಟ್ಟಿಗೆಯೂ ಸೇರಿದಾಗ ತನ್ನ ಧರ್ಮದಂತೆ ಪ್ರಾಣ ಬಿಟ್ಟಿತು. ನಾವೋ, ಸತ್ಯ ಹೇಳಿದ ಕಾವಲುಗಾರನನ್ನು ಓಡಿಸಿ ಅವನ ಸ್ಥಾನದಲ್ಲಿ ಮೂಕನೊಬ್ಬನನ್ನು ನಿಲ್ಲಿಸಿದೆವು. ಆಮೇಲೆ ಕರಗಬೇಕಾದುದು ಸಾಕೆಟ್ಟು, ಅದು ಕರಗಿತು. ಇನ್ನೂ ಕೆಲವು ದಿನ ಕಳೆದಿದ್ದರೆ ಮಾಡಿನ ಮರಕ್ಕೆ ಬೆಂಕಿ ಹತ್ತುತ್ತಿತ್ತೋ ಏನೋ! ಈಚಿನ ಮನೆಗಳಲ್ಲಿ ಫ್ಯೂಸಿನ ಬದಲು ಎಂಸಿಬಿ ಎಂಬ ಸಣ್ಣ ಸ್ವಿಚ್ಚು ಇರುತ್ತದೆ. ಪ್ರವಾಹ ಮಿತಿಮೀರಿದರೆ ಅದು ತಾನೇ ಕೆಳಗೆ ಬೀಳುತ್ತದೆ. ಅದರ ಕೆಲಸವೂ ಇದೇ.

ಹಾಗಾದರೆ ಮಿತ್ರನಿಗೆ ಶಾಕ್ ಹೊಡೆದಾಗ, ಸರಿಯಾದ ಫ್ಯೂಸು ಇದ್ದಿದ್ದರೆ ಅದು ಅವನನ್ನು ಉಳಿಸುತ್ತಿತ್ತೇ? ನಾನು ಇದನ್ನು ಎಲೆಕ್ಟ್ರಿಷಿಯನ್‌ರನ್ನು ಕೇಳಿದೆ. “ಇಲ್ಲ ಮರಿ” ಎಂದರು ಅವರು. “ಫ್ಯೂಸು ಕಾಯೋದು ವೈರನ್ನ, ಮನುಷ್ಯನನ್ನಲ್ಲ.”

ಈ ಮಾತು ಲಕ್ಷ್ಯವಿಟ್ಟು ತಿಳಿಯತಕ್ಕದ್ದು. ಮನುಷ್ಯನ ಮೈಯಲ್ಲಿ ಒಂದು ಮಿಲಿ ಆಂಪಿಯರ್, ಅಂದರೆ ಆಂಪಿಯರಿನ ಸಾವಿರದ ಒಂದು ಭಾಗ, ಹರಿದರೆ ಜುಮ್ಮೆನ್ನುತ್ತದೆ. ಸುಮಾರು ಹತ್ತು ಮಿಲಿ ಆಂಪಿಯರ್ ಹರಿದರೆ ಸ್ನಾಯುಗಳು ಬಿಗಿದು, ಹಿಡಿದುದನ್ನು ಬಿಡಲಾರದಂತಾಗುತ್ತದೆ. ಮೂವತ್ತನ್ನು ಮೀರಿ ಸ್ವಲ್ಪ ಕಾಲ ಹರಿದರೆ ಪ್ರಾಣಾಪಾಯ. ಒದ್ದೆಯಾದ ಮೈಯ ತಡೆ ಸುಮಾರು ಸಾವಿರ ಓಮ್ ಎಂದಿಟ್ಟುಕೊಂಡರೆ, ೨೩೦ ವೋಲ್ಟಿಗೆ ೨೩೦ ಮಿಲಿ ಆಂಪಿಯರ್ ಹರಿಯುತ್ತದೆ. ಹೃದಯವನ್ನು ನಿಲ್ಲಿಸಲು ಇದು ಸಾಕಾಗಿ ಮಿಗುತ್ತದೆ. ಆದರೆ ಐದು ಆಂಪಿಯರಿನ ಫ್ಯೂಸಿಗೆ ಇದು ಯಾವ ಲೆಕ್ಕ? ಅದು ಐದರ ಇಪ್ಪತ್ತನೆಯ ಒಂದು ಭಾಗವೂ ಅಲ್ಲ! ಮನುಷ್ಯ ಸತ್ತುಬಿದ್ದರೂ ಫ್ಯೂಸು ಹಾಗೆಯೇ ಇರುತ್ತದೆ.

ಮನುಷ್ಯನನ್ನು ಕಾಯುವ ಉಪಕರಣ ಬೇರೆ. ಅದಕ್ಕೆ ಆರ್‌ಸಿಸಿಬಿ ಎಂದು ಹೆಸರು. ಫೇಸಿನಲ್ಲಿ ಹೋದ ಪ್ರವಾಹವನ್ನೂ ನ್ಯೂಟ್ರಲಿನಲ್ಲಿ ಹಿಂದಿರುಗಿದ ಪ್ರವಾಹವನ್ನೂ ಅದು ಸದಾ ತೂಗಿ ನೋಡುತ್ತಿರುತ್ತದೆ. ಹೋದಷ್ಟು ಬಾರದಿದ್ದರೆ, ಮಿಕ್ಕಿದ್ದು ಎಲ್ಲೋ ನೆಲಕ್ಕೆ ಸೋರುತ್ತಿದೆಯೆಂದೇ ಅರ್ಥ. ಆ ಸೋರಿಕೆ ಮನುಷ್ಯನ ಮೈಯ ಮೂಲಕವೂ ಇರಬಹುದು. ವ್ಯತ್ಯಾಸ ೩೦ ಮಿಲಿ ಆಂಪಿಯರ್ ಮುಟ್ಟಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ಮನೆಯ ವಿದ್ಯುತ್ತನ್ನು ಕಡಿಯುತ್ತದೆ. ಅಂಗಡಿಯವನು ಸಂಜೆ ಗಲ್ಲದ ಲೆಕ್ಕ ನೋಡಿ ಕಳ್ಳತನವನ್ನು ಪತ್ತೆಹಚ್ಚುವ ಹಾಗೆ. ವ್ಯತ್ಯಾಸವಿಷ್ಟೆ: ಇದು ಸಂಜೆಯವರೆಗೆ ಕಾಯುವುದಿಲ್ಲ. ನಮ್ಮ ಕೋಣೆಯಲ್ಲಿ ಇದು ಇರಲಿಲ್ಲ.

ದೋಷವನ್ನು ಹುಡುಕಿದ ಬಗೆ

ಆ ಹಿರಿಯರು ದೋಷವನ್ನು ಹುಡುಕಿದ ಕ್ರಮ ತರ್ಕಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಬೆರಗುಗೊಳಿಸಿತು. ಮೊದಲು ಮೈನ್ ಆರಿಸಿ, ಎಲ್ಲ ಪ್ಲಗ್ಗುಗಳನ್ನೂ ಕಿತ್ತರು. ಫ್ಯೂಸಿಗೆ ಸರಿಯಾದ ತಂತಿ ಕಟ್ಟಿದರು. ಮೈನ್ ಹಾಕಿ, ದೀಪ, ಫ್ಯಾನು, ಇಸ್ತ್ರಿ ಪೆಟ್ಟಿಗೆ ಎಂದು ಒಂದೊಂದಾಗಿ ಪರೀಕ್ಷಿಸಿದರು. ಕೊನೆಗೆ, ನಮ್ಮನ್ನೆಲ್ಲ ದೂರ ನಿಲ್ಲಿಸಿ, ಯಜಮಾನರ ಮನೆಯ ಬೇರೊಂದು ಸಾಕೆಟ್ಟಿನಿಂದ ರಾಡಿಗೆ ಪ್ರವಾಹ ಕೊಟ್ಟು ಬಕೆಟ್ಟಿಗೆ ಟೆಸ್ಟರ್ ಮುಟ್ಟಿಸಿದರು. ಟೆಸ್ಟರ್ ಉರಿಯಿತು. ರಾಡನ್ನು ತೆಗೆದರು, ಉರಿಯಲಿಲ್ಲ. ಮತ್ತೆ ಇಟ್ಟರು, ಉರಿಯಿತು.

ಜಾನ್ ಸ್ಟುವರ್ಟ್ ಮಿಲ್ ೧೮೪೩ರ ತನ್ನ ತರ್ಕಗ್ರಂಥದಲ್ಲಿ ಹೇಳುವ ವ್ಯತಿರೇಕ ವಿಧಾನ ಇದೇ ಅಲ್ಲವೆ? ಉಳಿದ ಸಂದರ್ಭಗಳೆಲ್ಲ ಹಾಗೆಯೇ ಇದ್ದು, ಒಂದೇ ಒಂದು ಇದ್ದಾಗ ಫಲವಿದ್ದು, ಅದಿಲ್ಲದಾಗ ಫಲವಿಲ್ಲದಿದ್ದರೆ, ಆ ಒಂದರಲ್ಲಿಯೇ ಕಾರಣವಿದೆ. ನಮ್ಮ ನೈಯಾಯಿಕರು ಅನ್ವಯ-ವ್ಯತಿರೇಕ ಎಂದದ್ದೂ ಇದನ್ನೇ ಹೋಲುವ ವಿಚಾರ. ಪರೀಕ್ಷೆಗಾಗಿ ನಾನು ಬಾಯಿಪಾಠ ಮಾಡಿದ್ದುದನ್ನು ಶಾಲೆಯ ಮೆಟ್ಟಲು ಹೆಚ್ಚಾಗಿ ಹತ್ತದ ಆ ಮನುಷ್ಯ ದಿನವೂ ಬಳಸಿ ಅನ್ನ ತಿನ್ನುತ್ತಿದ್ದರು.

ರಾಡಿನ ಮೇಲೆ ಕೊಳವೆ ಬಾವಿಯ ಗಡಸು ನೀರಿನ ಬಿಳಿಯ ಪದರ ದಪ್ಪವಾಗಿ ಕಟ್ಟಿತ್ತು. ಅದನ್ನು ಕೆರೆದಾಗ ಕೂದಲೆಳೆಯಷ್ಟು ಸೀಳು ಕಾಣಿಸಿತು. ಪದರದಿಂದಾಗಿ ಶಾಖ ನೀರಿಗೆ ಇಳಿಯದೆ ಕೊಳವೆ ಮಿತಿಮೀರಿ ಕಾದು ಸೀಳಿತ್ತು. ಆ ಸೀಳಿನಿಂದ ನೀರಿಗೆ ವಿದ್ಯುತ್ತು ಸೋರುತ್ತಿತ್ತು. “ಇದು ನಿಮ್ಮ ತಪ್ಪು” ಎಂದರು. ಯಜಮಾನರ ಮುಖ ಅರಳಿತು. ನಾವು ತಲೆ ತಗ್ಗಿಸಿದೆವು.

ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಹಳೆಯ ಕಾಲದ ತಂತಿ ದೀಪವೊಂದನ್ನು ಹೋಲ್ಡರಿಗೆ ಸಿಕ್ಕಿಸಿ, ಅದರ ಎರಡು ತಂತಿಗಳನ್ನು ಸಾಕೆಟ್ಟಿನ ಫೇಸಿಗೂ ನ್ಯೂಟ್ರಲಿಗೂ ಮುಟ್ಟಿಸಿದರು. ದೀಪ ಚೆನ್ನಾಗಿ ಉರಿಯಿತು. ಫೇಸಿಗೂ ಅರ್ಥಿಗೂ ಮುಟ್ಟಿಸಿದರು. ಕಿಡಿಯಷ್ಟೂ ಬೆಳಕು ಬರಲಿಲ್ಲ. (ಇದು ಬಲ್ಲವರು ಮಾಡತಕ್ಕ ಪರೀಕ್ಷೆ, ನಾವು ಮಾಡತಕ್ಕದ್ದಲ್ಲ.) ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಬಳಿ ನೆಲ ಅಗೆದು ನೋಡಿದರೆ, ಅರ್ಥಿನ ತಂತಿ ತುಕ್ಕು ಹಿಡಿದು ಕೊಳವೆಯಿಂದ ಬೇರೆಯಾಗಿತ್ತು. “ನೀವು ಮೂರು ಕಡ್ಡಿಯ ಪ್ಲಗ್ಗು ಹಾಕಿದ್ದರೂ ಇದೇ ಗತಿ. ಸ್ವಾಮಿ, ಈ ತಂತಿ ಇವರ ಕೋಣೆಗೆ ಮಾತ್ರವಲ್ಲ, ನಿಮ್ಮ ಮನೆಗೂ ಇದೊಂದೇ. ಅಮ್ಮನವರು ಬರಿಗಾಲಲ್ಲಿ ನಿಂತು ಬಟ್ಟೆ ಹಾಕೋ ವಾಷಿಂಗ್ ಮೆಷಿನ್ನಿಗೂ ಇದೇ” ಎಂದರು.

ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, “ನಾಳೆಯೇ ಮಾಡಿಬಿಡಿ. ಮನೆಗೆಲ್ಲ ಆ ಶಾಕ್ ತಡೆಯೋದೂ ಹಾಕಿ” ಎಂದು ಒಳಗೆ ಹೋದರು. ಅರ್ಥಿಂಗ್, ಆರ್‌ಸಿಸಿಬಿ, ಹದಿನಾರು ಆಂಪಿಯರಿನ ಪ್ರತ್ಯೇಕ ಲೈನು ಇವು ಅವರ ಖರ್ಚು. ಸುಟ್ಟ ಸಾಕೆಟ್ಟೂ ಹೊಸ ರಾಡೂ ನಮ್ಮದು. ಜಗಳ ಕಾಯಲು ಸಿದ್ಧವಾಗಿ ಹೊರಟಿದ್ದ ನಾವು ಲೆಕ್ಕ ಹಂಚಿಕೊಂಡು ಹಿಂದಿರುಗಿದೆವು.

ಬಾಡಿಗೆದಾರನು ತಾನೇ ಮಾಡಬಹುದಾದುದು

ಈ ಅನುಭವದಿಂದ ದೊರೆತ ಕೆಲವು ನಿಯಮಗಳನ್ನು ಸಹಪಾಠಿಗಳ ಉಪಯೋಗಕ್ಕಾಗಿ ಕೊಡುತ್ತೇನೆ.

ದೀಪ ಹೋದಾಗ ಮೊದಲು ಹೊರಗೆ ಬಂದು ನೋಡಿರಿ. ಬೀದಿಯೆಲ್ಲ ಕತ್ತಲೆಯಾಗಿದ್ದರೆ ದೋಷ ನಿಮ್ಮದಲ್ಲ. ವಿದ್ಯುತ್ ಸರಬರಾಜಿನ ದೂರಿಗೆ ೧೯೧೨ ಸಂಖ್ಯೆಗೆ ತಿಳಿಸಿರಿ. ತಂತಿ ಕಡಿದು ಬಿದ್ದಿದ್ದರೆ ಅದರ ಹತ್ತಿರ ಸುಳಿಯಬೇಡಿ, ಬೇರೆಯವರನ್ನೂ ಬಿಡಬೇಡಿ. ನಿಮ್ಮ ಮನೆ ಮಾತ್ರ ಕತ್ತಲೆಯಾಗಿದ್ದರೆ ಬೋರ್ಡನ್ನು ನೋಡಿರಿ. ಎಂಸಿಬಿ ಬಿದ್ದಿದ್ದರೆ ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಒಣಗಿದ ಕೈಯಿಂದ ಒಮ್ಮೆ ಮಾತ್ರ ಮೇಲೆತ್ತಿರಿ. ನಿಂತರೆ, ಉಪಕರಣಗಳನ್ನು ಒಂದೊಂದಾಗಿ ಸೇರಿಸುತ್ತ ಬನ್ನಿ. ಯಾವುದನ್ನು ಸೇರಿಸಿದಾಗ ಬೀಳುವುದೋ ಅದೇ ಅಪರಾಧಿ. ಎಲ್ಲವನ್ನೂ ಕಿತ್ತಮೇಲೂ ಮತ್ತೆ ಬಿದ್ದರೆ ದೋಷ ಗೋಡೆಯೊಳಗಿನ ತಂತಿಯಲ್ಲಿದೆ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು; ಪರವಾನಗಿ ಪಡೆದವರನ್ನು ಕರೆಸಿರಿ. ಬೀಳುವ ಸ್ವಿಚ್ಚನ್ನು ಬಲವಂತದಿಂದ ಎತ್ತಿ ಹಿಡಿಯುವುದೂ ಫ್ಯೂಸಿಗೆ ದಪ್ಪ ತಂತಿ ಕಟ್ಟುವುದೂ ಒಂದೇ ಬಗೆಯ ಅವಿವೇಕ.

ಕೆಲವು ದೀಪಗಳು ಇದ್ದಕ್ಕಿದ್ದಂತೆ ಅತಿಯಾಗಿ ಪ್ರಜ್ವಲಿಸಿ, ಕೆಲವು ಮಂಕಾದರೆ ತಡಮಾಡದೆ ಮೈನ್ ಆರಿಸಿರಿ. ಅದು ಹೊರಗಿನ ನ್ಯೂಟ್ರಲ್ ತಂತಿ ಕಡಿದುದರ ಲಕ್ಷಣ. ಮೂರು ಫೇಸಿನ ಬೀದಿಯಲ್ಲಿ ಹೀಗಾದಾಗ ಕೆಲವು ಮನೆಗಳಿಗೆ ೪೦೦ ವೋಲ್ಟಿನ ಹತ್ತಿರಕ್ಕೂ ಒತ್ತಡ ಬಂದು ಉಪಕರಣಗಳೆಲ್ಲ ಸುಟ್ಟುಹೋಗಬಹುದು.

ಸುಟ್ಟ ವಾಸನೆ, ಬಿಸಿಯಾಗುವ ಸ್ವಿಚ್ಚು, ಚರಚರ ಸದ್ದು, ನಲ್ಲಿಯನ್ನೋ ಉಪಕರಣವನ್ನೋ ಮುಟ್ಟಿದಾಗ ಜುಮ್ಮೆನ್ನುವುದು, ಇವು ನಾಲ್ಕೂ ಎಚ್ಚರಿಕೆಯ ಗಂಟೆಗಳು. “ಸ್ವಲ್ಪ ಜುಮ್ಮೆಂದಿತು ಅಷ್ಟೆ” ಎಂಬ ಮಾತನ್ನು ಎಂದಿಗೂ ಲಘುವಾಗಿ ಎಣಿಸಬಾರದು. ಇಂದು ಕಾಲಲ್ಲಿ ಚಪ್ಪಲಿ ಇದ್ದುದರಿಂದ ಜುಮ್ಮೆಂದದ್ದು, ನಾಳೆ ನೆಲ ಒದ್ದೆಯಾಗಿದ್ದರೆ ಜುಮ್ಮೆನ್ನುವಲ್ಲಿಗೆ ನಿಲ್ಲುವುದಿಲ್ಲ. ಆರ್‌ಸಿಸಿಬಿಯ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಆಗಾಗ್ಗೆ ಒತ್ತಿ, ಅದು ಬೀಳುತ್ತದೆಯೇ ಎಂದು ನೋಡಿಕೊಳ್ಳಬೇಕು. ರಾಡನ್ನು ಆರಿಸಿ, ಪ್ಲಗ್ಗು ಕಿತ್ತಮೇಲೆಯೇ ನೀರು ಮುಟ್ಟಬೇಕು. ಟೆಸ್ಟರ್ ಉರಿಯದಿದ್ದ ಮಾತ್ರಕ್ಕೆ ವಿದ್ಯುತ್ತಿಲ್ಲವೆಂದು ನಂಬಬಾರದು. ಬಲ್ಬು ಬದಲಾಯಿಸುವಾಗಲೂ ಮೈನ್ ಆರಿಸುವುದೇ ಕ್ಷೇಮ. ಕೆಟ್ಟ ವೈರಿಂಗಿನಲ್ಲಿ ಸ್ವಿಚ್ಚು ಫೇಸಿಗೆ ಬದಲು ನ್ಯೂಟ್ರಲಿನಲ್ಲಿರುವುದುಂಟು. ಆಗ ದೀಪ ಆರಿದ್ದರೂ ಹೋಲ್ಡರಿನಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಕೈಯಿಂದ ಎಳೆಯಬೇಡಿ. ಮೈನ್ ಆರಿಸಿರಿ. ಅದು ಸಿಕ್ಕದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿಯನ್ನು ಸರಿಸಿರಿ. ೧೦೮ಕ್ಕೆ ಕರೆ ಮಾಡಿರಿ. ಉಸಿರಿಲ್ಲದಿದ್ದರೆ ಅವರು ಹೇಳಿದಂತೆ ಎದೆಯನ್ನು ಒತ್ತುತ್ತಿರಿ. ವಿದ್ಯುತ್ತಿನಿಂದ ಹೊತ್ತಿದ ಬೆಂಕಿಗೆ ನೀರು ಎರಚಬೇಡಿ. ಮೊದಲು ಮೈನ್ ಆರಿಸಿ, ಮರಳು ಸುರಿಯಿರಿ.

ಯಜಮಾನರೊಂದಿಗೆ ವ್ಯವಹಾರ

ದುರಸ್ತಿಯ ಖರ್ಚು ಯಾರದು? ಮೊದಲು ಕರಾರು ಪತ್ರವನ್ನು ನೋಡಬೇಕು. ಕೇಂದ್ರ ಸರ್ಕಾರ ೨೦೨೧ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯ ಅನುಬಂಧ ಈ ಹಂಚಿಕೆಯನ್ನು ಸ್ಪಷ್ಟಪಡಿಸುತ್ತದೆ: ಬೇರೆ ಒಪ್ಪಂದವಿಲ್ಲದಿದ್ದರೆ ಮನೆಯ ಒಳಗಿನ ಹೊರಗಿನ ವೈರಿಂಗ್ ಮಾಲೀಕನ ಹೊಣೆ, ಸ್ವಿಚ್ಚು, ಸಾಕೆಟ್ಟುಗಳ ದುರಸ್ತಿ ಬಾಡಿಗೆದಾರನದು. ಇದು ಮಾದರಿ ಮಾತ್ರ. ರಾಜ್ಯಗಳು ಅಂಗೀಕರಿಸಿದಲ್ಲಿ ಕಾನೂನಾಗುತ್ತದೆ. ಆದರೂ ನ್ಯಾಯವಾದ ಹಂಚಿಕೆಗೆ ಒಳ್ಳೆಯ ಅಳತೆಗೋಲು. ೧೮೮೨ರ ಆಸ್ತಿ ವರ್ಗಾವಣೆ ಕಾಯಿದೆಯ ೧೦೮ನೆಯ ಪ್ರಕರಣವೂ ನೆನಪಿಡತಕ್ಕದ್ದು. ಬೇರೆ ಕರಾರಿಲ್ಲದಿದ್ದಾಗ, ಮಾಲೀಕನು ಮಾಡಲು ಬದ್ಧನಾದ ದುರಸ್ತಿಯನ್ನು ತಿಳಿಸಿದ ಮೇಲೂ ಯುಕ್ತವಾದ ಅವಧಿಯಲ್ಲಿ ಮಾಡದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದೆಂದು ಅದು ಹೇಳುತ್ತದೆ. ‘ತಿಳಿಸಿದ ಮೇಲೂ’ ಎಂಬ ಮಾತೇ ಮುಖ್ಯ. ಬಾಗಿಲಲ್ಲಿ ನಿಂತು ಗೊಣಗುವುದು ತಿಳಿಸಿದಂತಲ್ಲ. ದಿನಾಂಕ ಹಾಕಿ, ಏನಾಗುತ್ತಿದೆಯೆಂಬುದನ್ನು ವಿವರವಾಗಿ, ವಿನಯದಿಂದ ಬರೆದು ಕೊಡಬೇಕು. ಫೋನಿನಲ್ಲಿ ಕಳಿಸಿದರೂ ಸರಿ, ಒಂದು ಚಿತ್ರವಿದ್ದರೆ ಇನ್ನೂ ಉತ್ತಮ. “ಕರೆಂಟು ಸರಿಯಿಲ್ಲ” ಎಂಬ ದೂರಿಗೂ “ರಾಡು ಹಾಕಿದಾಗ ಸಾಕೆಟ್ಟು ಕೈ ಸುಡುವಷ್ಟು ಬಿಸಿಯಾಗುತ್ತಿದೆ” ಎಂಬ ದೂರಿಗೂ ಬಹಳ ಅಂತರವಿದೆ. ಎರಡನೆಯದು ಕಿವಿಗೆ ಬೀಳುತ್ತದೆ.

ಮುಂಗಡ ಹಣ ಕೊಡುವ ಮೊದಲೇ ನಾವು ಗೋಡೆಯ ಬಣ್ಣ, ನೀರಿನ ಅನುಕೂಲ ಎಲ್ಲವನ್ನೂ ನೋಡುತ್ತೇವೆ. ಐದು ನಿಮಿಷ ಬೋರ್ಡಿನ ಮುಂದೆಯೂ ನಿಲ್ಲೋಣ. ಮೈನ್ ಎಲ್ಲಿದೆ? ಆರ್‌ಸಿಸಿಬಿ ಇದೆಯೇ? ಅರ್ಥಿಂಗ್ ಎಂದು ಪರೀಕ್ಷೆಯಾಯಿತು? ಸಾಕೆಟ್ಟುಗಳಲ್ಲಿ ಸುಟ್ಟ ಕಲೆಯಿದೆಯೇ? ಈ ನಾಲ್ಕು ಪ್ರಶ್ನೆಗಳನ್ನು ಕೇಳುವ ಬಾಡಿಗೆದಾರನನ್ನು ಯಾವ ಸಜ್ಜನ ಮಾಲೀಕನೂ ತಪ್ಪು ತಿಳಿಯಲಾರ.

ಮುಕ್ತಾಯ

ಇತಿಹಾಸದ ಮಿತ್ರ ಈಗ ಆರೋಗ್ಯವಾಗಿದ್ದಾನೆ. ಹಳೆಯ ರಾಡನ್ನು ಅವನು ಬಿಸಾಡಗೊಡಲಿಲ್ಲ; ವೈರು ಕತ್ತರಿಸಿ ಗೋಡೆಯ ಮೊಳೆಗೆ ತೂಗುಹಾಕಿದ್ದಾನೆ. “ಆಧಾರವಿಲ್ಲದೆ ಇತಿಹಾಸವಿಲ್ಲ” ಎನ್ನುತ್ತಾನೆ. ಅರ್ಥಶಾಸ್ತ್ರದ ಮಿತ್ರ ಮಾತ್ರ ಅದನ್ನು ನೋಡಿದಾಗಲೆಲ್ಲ ಮಂಕಾಗುತ್ತಾನೆ. ತಪ್ಪು ಅವನೊಬ್ಬನದೇ ಅಲ್ಲ. ಅವನು ದಪ್ಪ ತಂತಿ ಕಟ್ಟಿದಾಗ ಹೊಗಳಿದವರು ನಾವು. ವಾಸನೆ ಬಂದಾಗ ಸುಮ್ಮನಾದವರೂ ನಾವು.

ಮನೆ ಬಾಡಿಗೆಯದು, ತಿಂಗಳ ಕೊನೆಗೆ ಬಿಟ್ಟು ಹೋಗಬಹುದು. ಅದರೊಳಗೆ ಇರುವ ಜೀವಗಳು ಬಾಡಿಗೆಯವಲ್ಲ. ಮನೆಯಲ್ಲಿ ಅಪ್ಪ ನೋಡಿಕೊಳ್ಳುತ್ತಿದ್ದುದನ್ನು ನಾವೇ ನೋಡಿಕೊಳ್ಳಬೇಕಾದ ದಿನ ಬಂದಾಗ, ಏನು ಮಾಡಬೇಕೆಂದು ತಿಳಿಯದಿರುವುದು ತಪ್ಪಲ್ಲ. ಕೇಳಿ ತಿಳಿಯದಿರುವುದು ತಪ್ಪು. ಈ ಲೇಖನವನ್ನು ಓದಿದ ಮಿತ್ರರು ಈ ಸಂಜೆ ಕೋಣೆಗೆ ಹೋದಾಗ, ತಮ್ಮ ಮೈನ್ ಸ್ವಿಚ್ಚು ಎಲ್ಲಿದೆಯೆಂದು ಒಮ್ಮೆ ನೋಡಿಕೊಂಡರೆ ನನ್ನ ಶ್ರಮ ಸಾರ್ಥಕ.